ದುಡಿಯುವ ಕೈ ಮತ್ತು ಮಣಿಕಟ್ಟಿನ ಸುರಂಗ

ನಿತ್ಯದ ಕೈಗೆಲಸಗಳಿಂದ ಉಂಟಾಗುವ ನರದ ಒತ್ತಡ: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ಹಿರೇಕೆರೂರು ಸೀಮೆಯ ಬೀಜೋತ್ಪಾದನೆಯ ತಾಕುಗಳಲ್ಲಿ ಕ್ರಾಸಿಂಗ್ ಹಂಗಾಮು ಆರಂಭವಾಯಿತೆಂದರೆ ತಾಕಿನ ಮಾಲೀಕರನ್ನು ಕಾಡುವ ಪ್ರಶ್ನೆ ಒಂದೇ: ಸಾಕಷ್ಟು ಕೈಗಳು ದೊರೆಯುವವೇ? ನೆರೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಏರಿದಾಗ ಅಲ್ಲಿನ ವರ್ತಕರ ಪ್ರಶ್ನೆಯೂ ಅದೇ. ಹತ್ತಿಯ ಹೂವಿನಿಂದ ಕೇಸರವನ್ನು ಬಿಡಿಸುವುದಕ್ಕಾಗಲಿ, ಮೆಣಸಿನಕಾಯಿಯ ತುಂಬು ಮುರಿಯುವುದಕ್ಕಾಗಲಿ, ಹಾವೇರಿಯಲ್ಲಿ ಏಲಕ್ಕಿಯ ಹಾರ ಪೋಣಿಸುವುದಕ್ಕಾಗಲಿ ಮನುಷ್ಯನ ಬೆರಳಿಗೆ ಸಮನಾದ ಸಾಧನ ಇನ್ನೂ ಬಂದಿಲ್ಲ. ಈ ಜಿಲ್ಲೆಯ ವ್ಯಾಪಾರದ ಬಹುದೊಡ್ಡ ಭಾಗ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಾದುಹೋಗುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು.

ಗಿರಣಿಯ ಬೇರಿಂಗಿಗೆ ಕಾಲಕಾಲಕ್ಕೆ ಗ್ರೀಸ್ ಹಾಕಿಸುವ ಉದ್ದಿಮೆದಾರನು ಕೈಯ ಸವಕಳಿಯ ಲೆಕ್ಕವನ್ನು ಸಾಮಾನ್ಯವಾಗಿ ಇಡುವುದಿಲ್ಲ. ಹಂಗಾಮಿನ ಮಧ್ಯದಲ್ಲಿ ನುರಿತ ಕೆಲಸಗಾರ್ತಿಯೊಬ್ಬಳು ‘ಕೈ ಜೋಮು ಹಿಡಿಯುತ್ತದೆ, ರಾತ್ರಿ ನಿದ್ದೆ ಇಲ್ಲ’ ಎಂದಾಗ ಅದನ್ನು ವಾಯುವೆಂದೋ, ನಿಶ್ಶಕ್ತಿಯೆಂದೋ, ವಯಸ್ಸೆಂದೋ ತಳ್ಳಿಹಾಕುವುದು ವಾಡಿಕೆ. ವೈದ್ಯಶಾಸ್ತ್ರದಲ್ಲಿ ‘ಕಾರ್ಪಲ್ ಟನಲ್ ಸಿಂಡ್ರೋಮ್’ ಎಂದು ಹೆಸರಾದ ವ್ಯಾಧಿಯ ಮೊದಲ ಮಾತುಗಳು ಬಹುಮಟ್ಟಿಗೆ ಇವೇ ಆಗಿರುತ್ತವೆ. ಮೊದಲ ಹಂತದಲ್ಲಿ ಗುರುತಿಸಿದರೆ ಇದಕ್ಕೆ ಸುಲಭವಾದ, ಕಡಿಮೆ ಖರ್ಚಿನ ಪರಿಹಾರಗಳಿವೆ. ವರ್ಷಗಟ್ಟಲೆ ಅಲಕ್ಷಿಸಿದರೆ ಕಸುಬಿನ ಕೈಯೇ ಕೆಟ್ಟುಹೋಗುತ್ತದೆ. ಆದಕಾರಣ ಇದು ವೈದ್ಯರಷ್ಟೇ ಅರಿಯಬೇಕಾದ ವಿಷಯವಲ್ಲ, ಕೈಗೆಲಸವನ್ನು ನಂಬಿದ ಪ್ರತಿಯೊಬ್ಬ ವ್ಯವಹಾರಸ್ಥನೂ ಅರಿಯಬೇಕಾದ ವಿಷಯವಾಗಿದೆ.

ಸುರಂಗದ ರಚನೆ

ಅಂಗೈ ಮತ್ತು ಮುಂಗೈ ಕೂಡುವ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಇವು ಒಂದಕ್ಕೊಂದು ಹೊಂದಿಕೊಂಡು ಕಮಾನಿನಾಕಾರದ ತಳವನ್ನು ರೂಪಿಸುತ್ತವೆ. ಅಂಗೈಯ ಬದಿಯಲ್ಲಿ ಈ ಕಮಾನಿನ ಎರಡೂ ಅಂಚುಗಳನ್ನು ಗಟ್ಟಿಮುಟ್ಟಾದ ಒಂದು ಅಡ್ಡಪಟ್ಟಿಯು ಬಿಗಿದಿದೆ. ಮೂಳೆಯ ತಳ ಹಾಗೂ ಈ ಪಟ್ಟಿಯ ನಡುವೆ ಉಳಿಯುವ ಇಕ್ಕಟ್ಟಾದ ದಾರಿಯೇ ಮಣಿಕಟ್ಟಿನ ಸುರಂಗ.

ಈ ಸುರಂಗದೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಹಾದುಹೋಗುತ್ತವೆ. ನಾಲ್ಕು ಬೆರಳುಗಳಿಗೆ ತಲಾ ಎರಡು, ಹೆಬ್ಬೆರಳಿಗೆ ಒಂದು. ಇವುಗಳ ಜೊತೆಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನ ನೀಡುವ ಮಧ್ಯನರವೂ ಅಲ್ಲಿಯೇ ಹೋಗಬೇಕು. ಹೆಬ್ಬೆರಳನ್ನು ಇತರ ಬೆರಳುಗಳ ಎದುರು ತಂದು ಹಿಡಿಯುವ ಶಕ್ತಿಯೂ ಮುಖ್ಯವಾಗಿ ಈ ನರದಿಂದಲೇ ಬರುತ್ತದೆ. ಕಿರುಬೆರಳಿನ ನರ ಬೇರೆ, ಅದರ ದಾರಿಯೂ ಬೇರೆ. ಈ ವ್ಯತ್ಯಾಸವು ರೋಗವನ್ನು ಗುರುತಿಸುವಲ್ಲಿ ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಸುರಂಗದ ಗೋಡೆಗಳು ಹಿಗ್ಗುವಂಥವಲ್ಲ. ಒಳಗಿನ ರಜ್ಜುಗಳ ಮೇಲ್ಪೊರೆ ದಪ್ಪವಾದರೂ, ನೀರು ತುಂಬಿಕೊಂಡರೂ, ಮಣಿಕಟ್ಟು ಬಾಗಿ ದಾರಿ ಕಿರಿದಾದರೂ ಒತ್ತಡ ಬೀಳುವುದು ಅವುಗಳಲ್ಲೆಲ್ಲ ಅತಿ ಮೃದುವಾದ ನರದ ಮೇಲೆ. ಸಂತೆಯ ದಿನ ಇಕ್ಕಟ್ಟಾದ ಓಣಿಯಲ್ಲಿ ಒಂಬತ್ತು ಚಕ್ಕಡಿಗಳ ನಡುವೆ ಸಿಲುಕಿದ ಪಾದಚಾರಿಯ ಪಾಡು ಅದರದು.

ಈ ವ್ಯಾಧಿ ಕಂಪ್ಯೂಟರ್ ಯುಗದ ಕೊಡುಗೆಯೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಮಣಿಕಟ್ಟಿನ ಪೆಟ್ಟಿನ ತರುವಾಯ ಮಧ್ಯನರ ಅದುಮಿಹೋದ ಪ್ರಸಂಗವನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲಿಯೇ ದಾಖಲಿಸಿದ್ದನು. ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ 1950ರ ದಶಕದಲ್ಲಿ ಇದರ ಲಕ್ಷಣ ಹಾಗೂ ಚಿಕಿತ್ಸೆಗಳನ್ನು ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಯಿಸಿದನು. ಆಗ ಯಾವ ಮೇಜಿನ ಮೇಲೆಯೂ ಕಂಪ್ಯೂಟರ್ ಇರಲಿಲ್ಲ.

ಒತ್ತಡದ ಲೆಕ್ಕ

ಕೈಯ ಭಂಗಿಯು ಸುರಂಗದೊಳಗಿನ ಒತ್ತಡವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಅಳತೆ ಮಾಡಿ ನೋಡಲಾಗಿದೆ. ಅಮೆರಿಕದಲ್ಲಿ ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಆರೋಗ್ಯವಂತರ ಮಣಿಕಟ್ಟು ನೇರವಾಗಿದ್ದಾಗ ಸುರಂಗದ ಒತ್ತಡ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟು ಮಾತ್ರ. ಮಣಿಕಟ್ಟನ್ನು ಕೆಳಕ್ಕೆ ಇಲ್ಲವೆ ಮೇಲಕ್ಕೆ ಪೂರ್ತಿ ಬಾಗಿಸಿದಾಗ ಅದು 30ರ ಆಸುಪಾಸಿಗೆ ಏರಿತು. ರೋಗವಿದ್ದವರಲ್ಲಿ ಕೈ ನೇರವಾಗಿದ್ದಾಗಲೇ ಒತ್ತಡ 32ರಷ್ಟಿತ್ತು. ಕೆಳಕ್ಕೆ ಬಾಗಿಸಿದಾಗ ಸುಮಾರು 94ಕ್ಕೂ, ಮೇಲಕ್ಕೆ ಬಾಗಿಸಿದಾಗ ಸುಮಾರು 110ಕ್ಕೂ ಹೋಯಿತು.

ಈ ಅಂಕಿಗಳ ಅರ್ಥ ಸ್ಪಷ್ಟ. 30ರ ಆಸುಪಾಸಿನ ಒತ್ತಡ ಬಹಳ ಹೊತ್ತು ನಿಂತರೆ ನರಕ್ಕೆ ಹೋಗುವ ಸೂಕ್ಷ್ಮ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಒತ್ತಡ ಇಳಿದಾಗ ನರವು ಚೇತರಿಸಿಕೊಳ್ಳುತ್ತದೆ. ಇಳಿಯಲು ಅವಕಾಶವೇ ಇಲ್ಲದಿದ್ದರೆ ಮೊದಲು ಜೋಮು, ಬಳಿಕ ಮರಗಟ್ಟುವಿಕೆ, ಕೊನೆಗೆ ಶಕ್ತಿನಾಶ ಬರುತ್ತವೆ. ಬಾಗಿದ ಮಣಿಕಟ್ಟಿನೊಡನೆ ಬೆರಳ ತುದಿಯಿಂದ ಬಿಗಿಯಾಗಿ ಚಿವುಟಿ ಹಿಡಿಯುವ ಕೆಲಸವೂ ಸೇರಿದರೆ ಒತ್ತಡ ಇನ್ನಷ್ಟು ಏರುತ್ತದೆ. ಭಂಗಿ, ಬಲ, ಪುನರಾವರ್ತನೆ, ಅದುರುವಿಕೆ ಎಂಬ ನಾಲ್ಕು ಅಂಶಗಳಿಂದ ಯಾವುದೇ ಕೈಗೆಲಸವನ್ನು ತೂಗಿ ನೋಡಬಹುದು.

ಈ ಅಂಶಗಳು ಬಿಡಿಯಾಗಿ ಇರುವುದಕ್ಕೂ ಕೂಡಿ ಬರುವುದಕ್ಕೂ ಬಹಳ ಅಂತರವಿದೆ. ಅಮೆರಿಕದ ಏಳು ಕೈಗಾರಿಕಾ ಸ್ಥಳಗಳ 652 ಕಾರ್ಮಿಕರನ್ನು ಪರೀಕ್ಷಿಸಿ ಸಿಲ್ವರ್‌ಸ್ಟೀನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕಡಿಮೆ ಬಲ, ಕಡಿಮೆ ಪುನರಾವರ್ತನೆಯ ಕೆಲಸದವರಲ್ಲಿ ರೋಗದ ಪ್ರಮಾಣ ನೂರಕ್ಕೆ 0.6 ಇದ್ದರೆ, ಹೆಚ್ಚು ಬಲ ಹಾಗೂ ಹೆಚ್ಚು ಪುನರಾವರ್ತನೆ ಎರಡೂ ಕೂಡಿದ ಕೆಲಸದವರಲ್ಲಿ ಅದು ನೂರಕ್ಕೆ 5.6 ಆಗಿತ್ತು. ಒಂದೇ ಕ್ರಿಯೆಯು ಮೂವತ್ತು ಸೆಕೆಂಡಿನೊಳಗೆ ಮರಳಿ ಬರುವುದನ್ನು ಅಥವಾ ಕೆಲಸದ ಅರ್ಧಕ್ಕೂ ಹೆಚ್ಚು ಹೊತ್ತು ಒಂದೇ ಬಗೆಯ ಚಲನೆ ನಡೆಯುವುದನ್ನು ಅವರು ‘ಹೆಚ್ಚು ಪುನರಾವರ್ತನೆ’ ಎಂದು ಎಣಿಸಿದ್ದರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಈ ವ್ಯಾಧಿಯನ್ನು ಹೆಸರಿಸಿದೆ. ದೀರ್ಘಕಾಲ ಬಲ ಹಾಕಿ ಮಾಡುವ ಪುನರಾವರ್ತಿತ ಕೆಲಸ, ಅದುರುವಿಕೆಯುಳ್ಳ ಕೆಲಸ, ಮಣಿಕಟ್ಟಿನ ಅತಿಯಾದ ಬಾಗು ಇವುಗಳನ್ನು ಅಥವಾ ಇವುಗಳ ಕೂಟವನ್ನು ಆ ಪಟ್ಟಿಯು ಕಾರಣವಾಗಿ ಗುರುತಿಸಿದೆ.

ಸ್ಥಳೀಯ ಕಸುಬುಗಳ ಪರಿಶೀಲನೆ

ಬೀಜೋತ್ಪಾದನೆ: ಧಾರವಾಡದ ಕೃಷಿ ಸಂಶೋಧನೆಯಲ್ಲಿ ಡಾ. ಕಾತರ್ಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾದ ಬಳಿಕ ಸಂಕರಣ ಬೀಜದ ಉದ್ಯಮ ಈ ಭಾಗದಲ್ಲಿ ಬೇರೂರಿತು. ರಾಣೆಬೆನ್ನೂರು ಬೀಜ ವ್ಯಾಪಾರದ ದೊಡ್ಡ ಕೇಂದ್ರವಾಗಿ ಬೆಳೆಯಿತು. ಹತ್ತಿಯಲ್ಲಿ ಸಂಜೆಯ ಹೊತ್ತು ಮರುದಿನ ಅರಳಲಿರುವ ಮೊಗ್ಗನ್ನು ಆಯ್ದು, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸೀಳಿ, ತಿರುವಿ, ದಳದೊಂದಿಗೆ ಕೇಸರದ ಕೊಳವೆಯನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗವನ್ನು ಶಲಾಕೆಗೆ ಸವರಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿಗಳಲ್ಲಿ ಇದೇ ಕಾರ್ಯವನ್ನು ಚಿಮುಟದಿಂದ ಮಾಡುತ್ತಾರೆ. ಇಲ್ಲಿ ಬಲ ಹೆಚ್ಚಲ್ಲ. ಆದರೆ ಚಿವುಟು ಹಿಡಿತ, ಮಣಿಕಟ್ಟಿನ ತಿರುವು ಮತ್ತು ವಾರಗಟ್ಟಲೆ ಬಿಡುವಿಲ್ಲದ ಪುನರಾವರ್ತನೆ ಮೂರೂ ಇವೆ. ಚಿಮುಟದ ಸ್ಪ್ರಿಂಗ್ ಬಿರುಸಾಗಿದ್ದರೆ ಬಲವೂ ಸೇರಿಕೊಳ್ಳುತ್ತದೆ.

ಮೆಣಸಿನಕಾಯಿ: ತುಂಬು ಬಿಡಿಸುವ ಕೆಲಸ ಕಿಲೋ ಲೆಕ್ಕದ ಕೂಲಿಯದು. ಒಂದು ಕಾಯಿಗೆ ಎರಡು ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ ಗಂಟೆಗೆ 1,800 ಬಾರಿ, ಆರು ಗಂಟೆಗೆ 10,800 ಬಾರಿ ಅದೇ ಎರಡು ಬೆರಳುಗಳು ಅದೇ ಚಲನೆಯನ್ನು ಮಾಡುತ್ತವೆ. ನೆಲದ ಮೇಲೆ ಕುಳಿತು ಮುಂದಿನ ರಾಶಿಗೆ ಕೈಚಾಚುವಾಗ ಮಣಿಕಟ್ಟು ಕೆಳಕ್ಕೆ ಬಾಗಿಯೇ ಇರುತ್ತದೆ. ಕೂಲಿಯು ತೂಕವನ್ನು ಅವಲಂಬಿಸಿರುವುದರಿಂದ ಕೈ ಮರಗಟ್ಟಿದರೂ ಕೆಲಸಗಾರ್ತಿ ನಿಲ್ಲಿಸುವುದಿಲ್ಲ, ಹೇಳುವುದೂ ಇಲ್ಲ.

ರೊಟ್ಟಿ, ಹೊಲಿಗೆ, ಹೈನುಗಾರಿಕೆ: ಖಡಕ್ ರೊಟ್ಟಿಯ ಘಟಕಗಳಲ್ಲಿ ಹಿಟ್ಟು ನಾದುವಾಗ ಅಂಗೈಯ ಬುಡದ ಮೇಲೆ, ಅಂದರೆ ಸುರಂಗದ ನೇರ ಮೇಲೆ, ದೇಹದ ಭಾರ ಬೀಳುತ್ತದೆ. ರೊಟ್ಟಿ ಬಡಿಯುವಾಗ ಮಣಿಕಟ್ಟು ಮೇಲಕ್ಕೆ ಬಾಗಿರುತ್ತದೆ. ದರ್ಜಿಗೆ ಹೊಲಿಗೆಯಂತ್ರಕ್ಕಿಂತ ಮೊಂಡಾದ ಕತ್ತರಿಯೇ ಹೆಚ್ಚು ಅಪಾಯಕಾರಿ. ದಪ್ಪ ಬಟ್ಟೆಯ ಹಲವು ಪದರಗಳನ್ನು ಒಮ್ಮೆಗೇ ಕತ್ತರಿಸುವಾಗ ಬಲವೂ ಪುನರಾವರ್ತನೆಯೂ ಕೂಡುತ್ತವೆ. ಕೈಯಿಂದ ಹಾಲು ಕರೆಯುವಾಗ ಮುಷ್ಟಿಯ ಬಲ ಬೆಳಿಗ್ಗೆ ಸಂಜೆ ತಪ್ಪದೆ ಬಳಕೆಯಾಗುತ್ತದೆ. ಎರಡು ಆಕಳಿದ್ದಾಗ ಕಾಣದ ತೊಂದರೆ ಎಂಟು ಆಕಳಾದಾಗ ಕಾಣಿಸಿಕೊಳ್ಳಬಹುದು.

ಅದುರುವ ಸಲಕರಣೆ: ಕಲ್ಲು, ಕಬ್ಬಿಣ ಉಜ್ಜುವ ಗ್ರೈಂಡರ್, ಕಾಂಕ್ರೀಟ್ ಒಡೆಯುವ ಬ್ರೇಕರ್, ಕಳೆ ಕತ್ತರಿಸುವ ಯಂತ್ರ, ಪವರ್ ಟಿಲ್ಲರ್ ಇವು ಅದುರುವಿಕೆಯನ್ನು ನೇರವಾಗಿ ಅಂಗೈಗೆ ಸಾಗಿಸುತ್ತವೆ. ಅದುರುವ ಹಿಡಿಯನ್ನು ಮನುಷ್ಯನು ಅರಿಯದೆಯೇ ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತಾನೆ. ಹೀಗಾಗಿ ಹಾನಿ ಇಮ್ಮಡಿ.

ಅಂಗಡಿಯ ಗಲ್ಲಾ ಮತ್ತು ಮೇಜು: ಕಿರಾಣಿ ವರ್ತಕನ ಕೈಯೂ ಇದರಿಂದ ಹೊರತಲ್ಲ. ಕಿರಿದಾದ ಹಿಡಿಯ ಸೌಟಿನಿಂದ ಚೀಲದ ತಳದ ಧಾನ್ಯ ಬಾಚುವುದು, ಹುರಿಯಿಂದ ಪೊಟ್ಟಣ ಬಿಗಿಯುವುದು, ಶಟರ್ ಎಳೆಯುವುದು ಬಲದ ಕೆಲಸಗಳೇ. ಕಂಪ್ಯೂಟರಿನ ಬಗೆಗೆ ಮಾತ್ರ ಇರುವ ಭಯ ಅಳತೆ ಮೀರಿದ್ದು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಪ್ಯೂಟರ್ ಬಳಸುವ ನೌಕರರಲ್ಲಿ ಈ ರೋಗದ ಪ್ರಮಾಣ ಸಾಮಾನ್ಯ ಜನರಲ್ಲಿ ಇರುವಷ್ಟೇ ಕಂಡುಬಂದಿತು. ಡೆನ್ಮಾರ್ಕಿನ 2003ರ ಅಧ್ಯಯನದಲ್ಲಿಯೂ ಕೀಲಿಮಣೆಯ ಬಳಕೆಗೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ವಾರಕ್ಕೆ 20 ಗಂಟೆಗೂ ಮೀರಿ ಮೌಸ್ ಹಿಡಿಯುವವರಲ್ಲಿ ಮಾತ್ರ ಜೋಮಿನ ದೂರು ಹೆಚ್ಚಿತ್ತು. ಗುಮಾಸ್ತನ ಕೀಲಿಮಣೆಗಿಂತ ಗೋದಾಮಿನ ಹಮಾಲನ ಕೊಕ್ಕೆಯ ಕಡೆಗೆ ಮಾಲೀಕನ ಗಮನ ಮೊದಲು ಹರಿಯಬೇಕು.

ಮನೆಗೆಲಸ: ಕೆಲಸಗಾರ್ತಿಯ ಕೈಯ ದಿನ ಕೂಲಿಯೊಂದಿಗೆ ಮುಗಿಯುವುದಿಲ್ಲ. ಒದ್ದೆ ಬಟ್ಟೆ ಹಿಂಡುವುದು, ಕಸ ಗುಡಿಸುವುದು, ಈಳಿಗೆಯಲ್ಲಿ ತರಕಾರಿ ಹೆಚ್ಚುವುದು, ಕೊಡ ಎತ್ತುವುದು ಅದೇ ನರದ ಮೇಲಿನ ಹೊರೆಗಳು. ಹಗಲು ದುಡಿದ ಕೈಗೆ ವಿಶ್ರಾಂತಿ ಸಿಗಬೇಕಾದ ರಾತ್ರಿಯಲ್ಲಿ ಮಣಿಕಟ್ಟನ್ನು ಮಡಿಸಿ ತಲೆಯ ಕೆಳಗಿಟ್ಟು ಮಲಗುವ ಅಭ್ಯಾಸವೂ ಸೇರಿದರೆ ಒತ್ತಡ ಇಳಿಯುವ ಹೊತ್ತೇ ಇಲ್ಲದಂತಾಗುತ್ತದೆ. ದ್ವಿಚಕ್ರ ವಾಹನದ ಹಿಡಿಯ ಮೇಲೆ ಬಹಳ ದೂರ ಕೈಯೂರಿ ಸವಾರಿ ಮಾಡುವುದು, ಮೊಬೈಲನ್ನು ಗಂಟೆಗಟ್ಟಲೆ ಬಾಗಿದ ಕೈಯಲ್ಲಿ ಹಿಡಿಯುವುದು ಜೋಮನ್ನು ಕೆಣಕುತ್ತವೆ.

ಕೆಲಸವೊಂದೇ ಕಾರಣವಲ್ಲ

ಒಂದೇ ತಾಕಿನಲ್ಲಿ ಒಂದೇ ಕೆಲಸ ಮಾಡುವ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ರೋಗ ಬರುವುದೇಕೆ ಎಂಬ ಪ್ರಶ್ನೆ ಸಹಜ. ಸುರಂಗದ ಅಳತೆ ಹುಟ್ಟಿನಿಂದ ಬರುತ್ತದೆ. ಬ್ರಿಟನ್ನಿನ ಅವಳಿ ಸೋದರಿಯರನ್ನು ಕುರಿತ 2002ರ ಅಧ್ಯಯನವು ಮಹಿಳೆಯರಲ್ಲಿ ಈ ರೋಗದ ಒಲವಿನ ಸುಮಾರು ಅರ್ಧಭಾಗ ಅನುವಂಶಿಕವೆಂದು ಅಂದಾಜಿಸಿತು. ಪುರುಷರಿಗಿಂತ ಮಹಿಳೆಯರಲ್ಲಿ, ಅದರಲ್ಲೂ ನಲವತ್ತು ದಾಟಿದವರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯಿಡ್ ಗ್ರಂಥಿಯ ಮಂದತೆ, ಕೀಲುವಾತ, ಸ್ಥೂಲಕಾಯ, ಹಿಂದೆ ಮುರಿದು ಕೂಡಿದ ಮಣಿಕಟ್ಟು ಇವೆಲ್ಲ ಸಹಾಯಕ ಕಾರಣಗಳು. ಗರ್ಭಿಣಿಯರಲ್ಲಿ ದೇಹದ ನೀರಿನಂಶ ಹೆಚ್ಚುವುದರಿಂದ ಕಾಣಿಸಿಕೊಂಡು ಹೆರಿಗೆಯ ಬಳಿಕ ಬಹುಪಾಲು ತಾನಾಗಿಯೇ ಶಮನವಾಗುತ್ತದೆ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಕೈ ಜೋಮಿನ ದೂರಿಗೆ ಕೆಲಸವನ್ನಷ್ಟೇ ಹೊಣೆಯಾಗಿಸಿ ರಕ್ತಪರೀಕ್ಷೆಯನ್ನು ಮರೆಯಬಾರದು. ಹಲವು ಬಾರಿ ಅಡಗಿದ್ದ ಸಕ್ಕರೆ ಕಾಯಿಲೆ ಈ ನೆಪದಲ್ಲಿಯೇ ಬಯಲಾಗುತ್ತದೆ. ಹಾಗೆಯೇ ‘ಅವರ ದೇಹಪ್ರಕೃತಿ’ ಎಂದು ಹೇಳಿ ಮಾಲೀಕನು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಹುಟ್ಟಿನಿಂದ ಬಂದ ಇಕ್ಕಟ್ಟನ್ನು ಬದಲಿಸಲಾಗದು, ಆದರೆ ಕೆಲಸದ ರೀತಿಯನ್ನು ಬದಲಿಸಬಹುದು.

ಖಾರದ ಉರಿಯೋ, ನರದ ಜೋಮೋ?

ಮೆಣಸಿನಕಾಯಿಯ ಕೆಲಸದವರಲ್ಲಿ ಈ ರೋಗ ಬಹುಕಾಲ ಗುಪ್ತವಾಗಿ ಉಳಿಯಲು ಒಂದು ವಿಶೇಷ ಕಾರಣವಿದೆ. ಖಾರದ ಉರಿಯೂ ನರದ ಉರಿಯೂ ಮೊದಮೊದಲು ಒಂದೇ ರೀತಿ ತೋರುತ್ತವೆ. ಇವೆರಡನ್ನು ಬೇರ್ಪಡಿಸಲು ಕೆಳಗಿನ ಗುರುತುಗಳು ನೆರವಾಗುತ್ತವೆ.

1. ಖಾರದ ಉರಿ ಕಾಯಿ ಮುಟ್ಟಿದ ಚರ್ಮದಲ್ಲೆಲ್ಲ ಇರುತ್ತದೆ, ಕಿರುಬೆರಳನ್ನೂ ಬಿಡುವುದಿಲ್ಲ. ನರದ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಪ್ರಧಾನ. ಕಿರುಬೆರಳು ಸಾಮಾನ್ಯವಾಗಿ ಪಾರಾಗಿರುತ್ತದೆ. ಕೆಲವರು ‘ಇಡೀ ಕೈ’ ಎಂದು ಹೇಳುವುದುಂಟು. ಒಂದೊಂದೇ ಬೆರಳನ್ನು ಕೇಳಿದಾಗ ವ್ಯತ್ಯಾಸ ತಿಳಿಯುತ್ತದೆ.

2. ಖಾರದ ಉರಿ ಕೆಲಸದ ದಿನ ಬಂದು ಕ್ರಮೇಣ ಇಳಿಯುತ್ತದೆ. ನರದ ಜೋಮು ಮಧ್ಯರಾತ್ರಿಯಲ್ಲಿ ನಿದ್ದೆಯಿಂದ ಎಬ್ಬಿಸುತ್ತದೆ, ಕೆಲಸವಿಲ್ಲದ ದಿನವೂ ಬರುತ್ತದೆ.

3. ನರದ ಜೋಮು ಬಂದವರು ಎದ್ದು ಕೈಯನ್ನು ಜಾಡಿಸುತ್ತಾರೆ, ಜಾಡಿಸಿದರೆ ಹಗುರವಾಗುತ್ತದೆ. ವೈದ್ಯರು ಬಹಳ ಬೆಲೆ ಕೊಡುವ ಗುರುತು ಇದು.

4. ಕೈಯಿಂದ ವಸ್ತುಗಳು ಜಾರುವುದು, ಗುಂಡಿ ಹಾಕಲು ತಡವರಿಸುವುದು, ನಾಣ್ಯವನ್ನು ಸ್ಪರ್ಶದಿಂದ ಗುರುತಿಸಲಾಗದಿರುವುದು ರೋಗ ಮುಂದುವರಿದ ಲಕ್ಷಣಗಳು.

ಮನೆಯಲ್ಲಿಯೇ ಮಾಡಿ ನೋಡಬಹುದಾದ ಪರೀಕ್ಷೆ ಫೇಲನ್ ಹೆಸರಿನದು. ಎರಡೂ ಕೈಗಳ ಹಿಂಬದಿಗಳನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗುವಂತೆ ಒಂದು ನಿಮಿಷ ಹಿಡಿಯಬೇಕು. ಅಷ್ಟರೊಳಗೆ ಹೆಬ್ಬೆರಳಿನ ಬದಿಯ ಬೆರಳುಗಳಲ್ಲಿ ಜೋಮು ಬಂದರೆ ಶಂಕೆ ಬಲವಾಗುತ್ತದೆ. ಆದರೆ ಇದು ನಿರ್ಣಯವಲ್ಲ. ಕುತ್ತಿಗೆಯ ನರ ಅದುಮಿದ್ದರೂ ಕೈ ಜೋಮುಗಟ್ಟುತ್ತದೆ. ಹೆಬ್ಬೆರಳಿನ ಬುಡದಲ್ಲಿ ನೋವಷ್ಟೇ ಇದ್ದು ಜೋಮು ಇಲ್ಲದಿದ್ದರೆ ಅದು ರಜ್ಜುವಿನ ಉರಿಯೂತವಿರಬಹುದು. ಸಕ್ಕರೆ ಕಾಯಿಲೆಯ ನರದೌರ್ಬಲ್ಯ ಬಹುಮಟ್ಟಿಗೆ ಪಾದಗಳಿಂದ ಆರಂಭವಾಗುತ್ತದೆ. ಸಂಶಯವಿದ್ದಾಗ ನರದಲ್ಲಿ ವಿದ್ಯುತ್ ಸಂದೇಶ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆಯನ್ನು ತಜ್ಞರು ಮಾಡಿಸುತ್ತಾರೆ.

ಚಿಕಿತ್ಸೆಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ರಾತ್ರಿ ಧರಿಸುವ ಮಣಿಕಟ್ಟಿನ ಪಟ್ಟಿ. ಒಳಗೆ ಗಟ್ಟಿ ತಗಡಿರುವ ಈ ಪಟ್ಟಿ ಮಣಿಕಟ್ಟನ್ನು ನೇರವಾಗಿ ಇರಿಸುತ್ತದೆ. ಒತ್ತಡ ಅತಿ ಕಡಿಮೆ ಇರುವುದು ಆ ಭಂಗಿಯಲ್ಲಿಯೇ ಎಂಬುದನ್ನು ಮೇಲಿನ ಅಂಕಿಗಳು ತೋರಿಸಿವೆ. ಸೌಮ್ಯ ಹಂತದಲ್ಲಿ ಆರೆಂಟು ವಾರ ತಪ್ಪದೆ ಧರಿಸಿದರೆ ಅನೇಕರಿಗೆ ಗುಣ ಕಾಣುತ್ತದೆ. ಬಟ್ಟೆಯನ್ನೋ ಕ್ರೇಪ್ ಪಟ್ಟಿಯನ್ನೋ ಬಿಗಿಯಾಗಿ ಸುತ್ತುವುದು ಇದಕ್ಕೆ ಬದಲಿಯಲ್ಲ, ಅದು ಒತ್ತಡವನ್ನು ಹೆಚ್ಚಿಸಲೂಬಹುದು.

ಎರಡನೆಯದು ಸುರಂಗಕ್ಕೆ ನೀಡುವ ಸ್ಟೀರಾಯಿಡ್ ಚುಚ್ಚುಮದ್ದು. ಇದರಿಂದ ವಾರಗಳಿಂದ ತಿಂಗಳುಗಳವರೆಗೆ ಉಪಶಮನ ದೊರೆಯುತ್ತದೆ. ಕೆಲವರಲ್ಲಿ ಮರುಕಳಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬಿ-ಜೀವಸತ್ವದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುತ್ತ ಕಾಲಹರಣ ಮಾಡುವುದು ಸಾಮಾನ್ಯ ಪದ್ಧತಿಯಾಗಿದೆ. ಈ ರೋಗಕ್ಕೆ ಅವುಗಳಿಂದ ಲಾಭವೆಂಬುದು ದೃಢಪಟ್ಟಿಲ್ಲ. ಬಿ-6 ಅತಿಯಾದರೆ ನರಕ್ಕೇ ಹಾನಿ. ಎಣ್ಣೆಯ ತಿಕ್ಕಾಟದಿಂದ ಸ್ನಾಯುಗಳಿಗೆ ಹಿತವಾದೀತು, ಸುರಂಗದ ಬಾಗಿಲು ಅಗಲವಾಗದು.

ಮೂರನೆಯದು ಶಸ್ತ್ರಕ್ರಿಯೆ. ಕೈಗೆ ಮಾತ್ರ ಅರಿವಳಿಕೆ ಕೊಟ್ಟು ಸುರಂಗದ ಮೇಲಣ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಎಡೆಮಾಡಿಕೊಡುತ್ತಾರೆ. ಅನೇಕ ಆಸ್ಪತ್ರೆಗಳಲ್ಲಿ ರೋಗಿ ಅದೇ ದಿನ ಮನೆಗೆ ಮರಳಬಹುದು. ಹಗುರ ಕೆಲಸಕ್ಕೆ ಕೆಲವೇ ವಾರಗಳು ಸಾಕು, ಮುಷ್ಟಿಯ ಪೂರ್ಣಬಲ ಮರಳಲು ತಿಂಗಳುಗಳು ಬೇಕು. ಕ್ರಾಸಿಂಗ್ ಕೆಲಸದವರು ಹಂಗಾಮು ಮುಗಿದೊಡನೆ ಮಾಡಿಸಿಕೊಂಡರೆ ಮುಂದಿನ ಹಂಗಾಮಿಗೆ ಕೈ ಸಿದ್ಧವಾಗಿರುತ್ತದೆ.

ತಡಮಾಡುವುದೇ ಇಲ್ಲಿನ ನಿಜವಾದ ಅಪಾಯ. ಹೆಬ್ಬೆರಳಿನ ಬುಡದ ಮಾಂಸಲ ದಿಬ್ಬ ಬತ್ತಿ ತಗ್ಗು ಬಿದ್ದಮೇಲೆ ಶಸ್ತ್ರಕ್ರಿಯೆ ನಡೆದರೆ ರಾತ್ರಿಯ ನೋವು ಹೋಗಬಹುದು, ಆದರೆ ಹೋದ ಶಕ್ತಿ ಪೂರ್ತಿ ಬರುವ ಭರವಸೆ ಇರುವುದಿಲ್ಲ. ಸೋಜಿಗವೆಂದರೆ ನರ ಬಹಳ ಕೆಟ್ಟಾಗ ಕೆಲವರಲ್ಲಿ ನೋವು ತಾನಾಗಿಯೇ ಕಡಿಮೆಯಾಗುತ್ತದೆ. ‘ಗುಣವಾಯಿತು’ ಎಂದು ಸಮಾಧಾನಪಡುವ ಆ ಹೊತ್ತಿನಲ್ಲಿ ಮರಗಟ್ಟಿದ ಬೆರಳುಗಳು ಬಿಸಿ ಹಂಚನ್ನೂ ಅರಿಯದ ಸ್ಥಿತಿಗೆ ಬಂದಿರುತ್ತವೆ.

ಕಾರ್ಯಸ್ಥಳದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

1. ಮಣಿಕಟ್ಟು ಬಾಗದಂತೆ ಸಾಮಗ್ರಿಯ ಎತ್ತರವನ್ನು ಬದಲಿಸುವುದು. ಮೆಣಸಿನಕಾಯಿಯ ರಾಶಿಯನ್ನು ನೆಲದ ಬದಲು ಮೋಟು ಕಾಲಿನ ಹಲಗೆಯ ಮೇಲೆ ಹಾಕಿದರೆ ಕೈ ಮೊಣಕೈಯ ಮಟ್ಟಕ್ಕೆ ಬರುತ್ತದೆ.

2. ಸಲಕರಣೆಯ ಹಿಡಿಯನ್ನು ದಪ್ಪವಾಗಿಸುವುದು. ಮುಷ್ಟಿಯಿಂದ ಹಿಡಿಯುವ ಸಾಧನಕ್ಕೆ ಸುಮಾರು ಒಂದೂವರೆ ಇಂಚು ದಪ್ಪದ ಹಿಡಿ ಹಿತಕರ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೂ ಸಾಕು. ಹಿಡಿಯ ತುದಿ ಅಂಗೈಯ ನಡುವನ್ನು ಒತ್ತದಷ್ಟು ಉದ್ದವಿರಬೇಕು.

3. ಕತ್ತರಿ, ಕುಡುಗೋಲು, ಈಳಿಗೆಗಳನ್ನು ಕಾಲಕಾಲಕ್ಕೆ ಸಾಣೆ ಹಿಡಿಸುವುದು. ಚಿಮುಟಗಳನ್ನು ಕೊಳ್ಳುವಾಗ ಸ್ಪ್ರಿಂಗಿನ ಮೃದುತ್ವವನ್ನು ಒತ್ತಿ ನೋಡುವುದು.

4. ಕೆಲಸವನ್ನು ಅದಲುಬದಲು ಮಾಡುವುದು. ಎರಡು ಗಂಟೆ ತುಂಬು ಬಿಡಿಸಿದವರಿಗೆ ಮುಂದಿನ ಒಂದು ಗಂಟೆ ಹಸನು ಮಾಡುವ ಅಥವಾ ಚೀಲ ಸಾಲುಗೊಳಿಸುವ ಕೆಲಸ ಕೊಡಬಹುದು. ಆ ಬದಲಿ ಕೆಲಸವೂ ಚಿವುಟುವ ಕೆಲಸವಾಗಿರಬಾರದು. ಕಿಲೋ ಲೆಕ್ಕದ ಕೂಲಿಯಲ್ಲಿ ಬದಲಿ ಗಂಟೆಗೆ ಗೊತ್ತಾದ ಕೂಲಿ ಸೇರಿಸದಿದ್ದರೆ ಈ ಕ್ರಮ ಕಾಗದದಲ್ಲಿಯೇ ಉಳಿಯುತ್ತದೆ.

5. ಗಂಟೆಗೊಮ್ಮೆ ಐದು ನಿಮಿಷ ಕೈಗೆ ಬಿಡುವು ಕೊಡುವುದು.

6. ಅದುರುವ ಯಂತ್ರಗಳ ಸಡಿಲ ಬೋಲ್ಟು, ಸವೆದ ಚಕ್ರ, ಹರಿದ ರಬ್ಬರ್ ಹಿಡಿಗಳನ್ನು ತಕ್ಷಣ ಬದಲಿಸುವುದು. ಒಬ್ಬನೇ ದಿನವಿಡೀ ಹಿಡಿಯದಂತೆ ನೋಡಿಕೊಳ್ಳುವುದು.

7. ದೂರು ಹೇಳಿದವರನ್ನು ಕೆಲಸದಿಂದ ಬಿಡಿಸುವುದಿಲ್ಲವೆಂಬ ಮಾತನ್ನು ಮೊದಲೇ ತಿಳಿಸುವುದು. ಈ ಪಟ್ಟಿಯಲ್ಲಿ ಖರ್ಚಿಲ್ಲದ, ಆದರೆ ಅತ್ಯಂತ ಫಲದಾಯಕವಾದ ಕ್ರಮ ಇದು. ಕೆಲಸ ಹೋಗುವ ಭಯವಿರುವಲ್ಲಿ ರೋಗವು ಕೊನೆಯ ಹಂತದವರೆಗೂ ಮರೆಯಲ್ಲಿರುತ್ತದೆ.

ಲಾಭನಷ್ಟದ ದೃಷ್ಟಿ

ಬಿಡುವಿನಿಂದ ಉತ್ಪಾದನೆ ಕುಸಿಯುವುದೆಂಬ ಆಕ್ಷೇಪಣೆಗೆ ಲೆಕ್ಕದಿಂದಲೇ ಉತ್ತರಿಸಬಹುದು. ಗಂಟೆಗೆ ಐದು ನಿಮಿಷವೆಂದರೆ ಎಂಟು ಗಂಟೆಯಲ್ಲಿ 40 ನಿಮಿಷ, ಹನ್ನೆರಡನೆಯ ಒಂದು ಪಾಲು. ಹನ್ನೆರಡು ಜನರ ತಂಡದಲ್ಲಿ ಇದು ಒಬ್ಬರ ದಿನಗೂಲಿಗೆ ಸಮ. ಅದೇ ತಂಡದಿಂದ ಒಬ್ಬ ನುರಿತ ಕೆಲಸಗಾರ್ತಿ ಹಂಗಾಮಿನ ನಡುವೆ ಕೈ ಸೋತು ಬಿಟ್ಟುಹೋದರೂ ನಷ್ಟ ಅಷ್ಟೇ. ಆದರೆ ಎರಡನೆಯ ನಷ್ಟಕ್ಕೆ ಬಾಲಗಳಿವೆ. ಹೊಸಬರಿಗೆ ಕಲಿಸುವ ದಿನಗಳು, ಸರಿಯಾಗಿ ಕೇಸರ ತೆಗೆಯದ ಹೂವಿನಿಂದ ಬೀಜದ ಶುದ್ಧತೆಗೆ ಬರುವ ಕುಂದು, ಶುದ್ಧತೆಯ ಪರೀಕ್ಷೆಯಲ್ಲಿ ಇಡೀ ಗುಂಪು ತಿರಸ್ಕೃತವಾಗುವ ಭೀತಿ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಮರಗಟ್ಟಿದ ಬೆರಳು ತಾನು ಕೇಸರದ ಚೂರನ್ನು ಉಳಿಸಿದ್ದನ್ನು ಅರಿಯಲಾರದು. ಬಿಡುವು ಪಡೆದ ಕೈ ಉಳಿದ ಐವತ್ತೈದು ನಿಮಿಷಗಳಲ್ಲಿ ಚುರುಕಾಗಿ, ತಪ್ಪಿಲ್ಲದೆ ಕೆಲಸ ಮಾಡುವುದರಿಂದ ಮೊದಲ ನಷ್ಟದ ಒಂದಷ್ಟು ಭಾಗ ಮರಳಿ ಬರುತ್ತದೆ. ಎರಡನೆಯದು ಬರುವುದಿಲ್ಲ.

ಕೆಲಸಗಾರ್ತಿಯ ಪಾಲಿಗೆ ಲೆಕ್ಕ ಇನ್ನೂ ಕಠಿಣ. ಆಕೆಯ ಬಂಡವಾಳವೆಲ್ಲ ಆ ಮೂರು ಬೆರಳುಗಳಲ್ಲಿದೆ. ಅವು ಹೋದರೆ ಕೂಲಿಯೂ ಹೋಯಿತು, ಮನೆಯ ಒಲೆಯ ಮುಂದಿನ ಸಾಮರ್ಥ್ಯವೂ ಹೋಯಿತು.

ಅಭ್ಯಾಸ

ಈ ಪಾಠವನ್ನು ಕಾರ್ಯರೂಪಕ್ಕೆ ತರಬಯಸುವ ಉದ್ದಿಮೆದಾರರು ಒಂದು ವಾರದ ಮಟ್ಟಿಗೆ ಸಣ್ಣ ಪಟ್ಟಿಯನ್ನು ಸಿದ್ಧಪಡಿಸಬಹುದು. ತಮ್ಮಲ್ಲಿ ನಡೆಯುವ ಪ್ರತಿಯೊಂದು ಕೈಗೆಲಸದ ಹೆಸರನ್ನು ಬರೆದು, ಎದುರಿಗೆ ನಾಲ್ಕು ಅಂಕಣಗಳನ್ನು ಎಳೆಯಬೇಕು: ಮಣಿಕಟ್ಟು ಬಾಗುತ್ತದೆಯೇ, ಬಲ ಬೇಕೇ, ನಿಮಿಷಕ್ಕೆ ಎಷ್ಟು ಬಾರಿ, ಅದುರುವಿಕೆ ಇದೆಯೇ. ಗಡಿಯಾರ ಹಿಡಿದು ಐದು ನಿಮಿಷ ಎಣಿಸಿದರೆ ಮೂರನೆಯ ಅಂಕಣ ತುಂಬುತ್ತದೆ. ಯಾವ ಕೆಲಸದ ಎದುರಿಗೆ ಎರಡಕ್ಕಿಂತ ಹೆಚ್ಚು ಅಂಕಣಗಳಲ್ಲಿ ಗುರುತು ಬೀಳುವುದೋ ಅಲ್ಲಿಂದ ಸುಧಾರಣೆ ಆರಂಭವಾಗಲಿ. ಬಳಿಕ ಆ ಕೆಲಸದವರನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಬೇಕು: ‘ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆಯೇ?’ ಹೌದೆಂದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಅಗತ್ಯಬಿದ್ದರೆ ಹಾವೇರಿ, ಹುಬ್ಬಳ್ಳಿ ಅಥವಾ ದಾವಣಗೆರೆಯ ತಜ್ಞರಲ್ಲಿಗೆ ಹೋಗಲು ಒಂದು ದಿನದ ಕೂಲಿಸಹಿತ ರಜೆ ಕೊಡಬೇಕು.

ತಕ್ಕಡಿಯ ಮುಳ್ಳು ವಾಲಿದರೆ ವರ್ತಕನು ಆ ಕ್ಷಣವೇ ಸರಿಪಡಿಸುತ್ತಾನೆ, ಏಕೆಂದರೆ ಅದರ ಮೇಲೆ ಅವನ ನಂಬಿಕೆ ನಿಂತಿದೆ. ಆ ತಕ್ಕಡಿಗೆ ಮಾಲು ತುಂಬುವ ಕೈಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಸಲ್ಲಬೇಕು. ಮುಂದಿನ ಹಂಗಾಮಿಗೆ ಬೀಜ, ಗೊಬ್ಬರ, ಚೀಲಗಳ ಅಂದಾಜು ಬರೆಯುವಾಗ ಕೆಲವು ಮೃದುವಾದ ಚಿಮುಟಗಳು, ನಾಲ್ಕು ಮೋಟು ಹಲಗೆಗಳು, ಗಂಟೆಗೈದು ನಿಮಿಷಗಳು ಎಂಬ ಮೂರು ಸಾಲುಗಳು ಆ ಪಟ್ಟಿಗೆ ಸೇರಿದರೆ ಈ ಅಧ್ಯಯನದ ಉದ್ದೇಶ ಸಫಲವಾದಂತೆ.